ಕಂದಾಚಾರದವರ ಹೆಸರುಗಳು

ಇಂದಿನ ಕನ್ನಡದಲ್ಲಿ 'ಕಂದಾಚಾರ' ಎಂದರೆ ಅರ್ಥಗೆಟ್ಟ ಸಂಪ್ರದಾಯ, ಮೂಢನಂಬಿಕೆ. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಅದೇ ಪದ ನಾಡಕಾವಲಿನ ಕಾಲಾಳುಗಳ ಇಲಾಖೆಯನ್ನು ಸೂಚಿಸುತ್ತಿತ್ತು. ಚಿಕ್ಕದೇವರಾಜ ಒಡೆಯರು (1673–1704) ಏರ್ಪಡಿಸಿದ ಅಠಾರಾ ಕಚೇರಿಗಳಲ್ಲಿ ಅದೂ ಒಂದು. ಮೂಡಿಗೆರೆ, ಕಳಸಗಳ ಕಡೆ ಈ ಕಾವಲುಗಾರರ ಜಾಡು ಹಿಡಿದು ಹೊರಟ ವಿದ್ಯಾರ್ಥಿ ಗ್ರಂಥಾಲಯದ ಸೂಚಿಯಲ್ಲಿ ಈ ಪದ ಹುಡುಕಿದರೆ, ದೊರೆಯುವುದು ವೈಚಾರಿಕ ಲೇಖನಗಳ ರಾಶಿ.

ಅದೇ ಕಾಲದ ಬ್ರಿಟನ್ ಮತ್ತು ಐರ್ಲೆಂಡಿನ ಮಿಲಿಷಿಯಾ ಪಡೆಗಳನ್ನು ಅಭ್ಯಸಿಸುವವರ ಪಾಡು ಬೇರೆ. ಇಂಗ್ಲೆಂಡಿನಲ್ಲಿ 1757ರ ಕಾಯಿದೆಯಿಂದ, ಐರ್ಲೆಂಡಿನಲ್ಲಿ 1793ರ ಕಾಯಿದೆಯಿಂದ ಚೀಟಿ ಎತ್ತಿ ಜನರನ್ನು ಸೇರಿಸಿಕೊಂಡರು. ಐರ್ಲೆಂಡಿನಲ್ಲಿ ಇದರ ವಿರುದ್ಧ ದಂಗೆಗಳೇ ಆದವು. ಯುದ್ಧಕಾಲಕ್ಕೆಂದೇ ಕಟ್ಟಿದ 'ಫೆನ್ಸಿಬಲ್' ದಳಗಳು ಬಹುಮಟ್ಟಿಗೆ 1802ರ ಹೊತ್ತಿಗೆ ವಿಸರ್ಜನೆಗೊಂಡವು. ಆದರೂ ಲಂಡನ್ನಿನ ಕ್ಯೂ ಪತ್ರಾಗಾರದ ಹಾಜರಿಪಟ್ಟಿಗಳಲ್ಲಿ ಸಾಮಾನ್ಯ ಸಿಪಾಯಿಯ ಹೆಸರು, ಸಂಬಳ ಉಳಿದಿವೆ. ಯಾರದೋ ಮರಿಮಗ ಇಂದಿಗೂ ಹೋಗಿ ತನ್ನ ಮುತ್ತಾತನನ್ನು ಅಲ್ಲಿ ಕಂಡುಕೊಳ್ಳಬಹುದು.

ಕಂದಾಚಾರದವನು ಮೊದಲಿಗೆ ಒಕ್ಕಲಿಗ, ಆಮೇಲೆ ಬಂಟ. ಕೋವಿ ಅಥವಾ ಕತ್ತಿ ಅವನದು. ಕರೆ ಬಂದಾಗ ಕೋಟೆ, ಘಟ್ಟದ ದಾರಿ, ಖಜಾನೆಗಳ ಕಾವಲು. 1799ರ ನಂತರ ದಿವಾನ್ ಪೂರ್ಣಯ್ಯನವರು ಈ ವ್ಯವಸ್ಥೆಯನ್ನು ಹೊಸದಾಗಿ ಬೆಳೆಸಿದ ಬಗೆಯನ್ನು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಬರೆದಿದ್ದಾನೆ: ಊರಲ್ಲಿದ್ದಾಗ ಅಲ್ಪ ಸಂಬಳ, ಹೊರಗೆ ಕರೆದಾಗ ಭತ್ಯ. ಆಯುಧಜೀವಿಗಳ ಮನೆತನಗಳು ಮತ್ತೊಬ್ಬ ಪಾಳೆಯಗಾರನ ಬೆನ್ನು ಹತ್ತದಿರಲೆಂಬುದೇ ಇದರ ಮುಖ್ಯ ಉದ್ದೇಶ. ಅಂದರೆ ಇದು ಪರಚಕ್ರದ ವಿರುದ್ಧದ ಕಾವಲಾಗಿದ್ದಂತೆಯೇ ತನ್ನ ಪ್ರಜೆಯ ವಿರುದ್ಧದ ಕಾವಲೂ ಆಗಿತ್ತು. ವಿಲ್ಕ್ಸನ ಮೆಚ್ಚುಗೆಯನ್ನು ಓದುವಾಗ ಇದನ್ನು ಮರೆಯಬಾರದು.

ಮಲೆನಾಡಿನಲ್ಲಿ ಈ ಮಾತು ಸುಡುವಷ್ಟು ನಿಜ. ಮೂಡಿಗೆರೆಗೆ ತಾಗಿದ ಬಲಂ ಸೀಮೆಯ ಪಾಳೆಯಗಾರ ಕಾಡನ್ನೇ ಕೋಟೆಯಾಗಿಸಿ ನಿಂತಿದ್ದ. ಡಬ್ಲಿನ್ನಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ 1802ರ ಜನವರಿಯಲ್ಲಿ ಅರೆಕೆರೆಯ ನೆಲೆಯನ್ನು ಮುರಿದ. ಫೆಬ್ರವರಿಯಲ್ಲಿ ಪಾಳೆಯಗಾರ ಸೆರೆಸಿಕ್ಕು ನೇಣಿಗೇರಿದ. ವೆಲ್ಲೆಸ್ಲಿ ಕಾಡು ಕಡಿಸಿ ದಾರಿ ಮಾಡಿಸಿದ, ಊರುಗಳ ರಕ್ಷಣೆಯ ಬೇಲಿಗಳನ್ನು ಕೆಡವಿಸಿದ. ಪೂರ್ಣಯ್ಯನವರ ಪಡೆಯೂ ಅವನ ಜತೆಗಿತ್ತು. ಬೇಲಿಯ ಒಳಗಿದ್ದವನೂ ಹೊರಗಿದ್ದವನೂ ಒಂದೇ ಬಗೆಯ ಜನ. ಸಂಬಳದ ಪಟ್ಟಿಗೆ ಸೇರಿದವನು ಸರ್ಕಾರದ ಬಂಟ, ಸೇರದವನು ಬಂಡುಕೋರ. ವೆಲ್ಲೆಸ್ಲಿಯ ಪತ್ರಗಳು ಅಚ್ಚಾಗಿವೆ, ಅವುಗಳನ್ನು ಓದುವುದು ಸುಲಭ. ಸುಲಭವಾದುದನ್ನೇ ಚರಿತ್ರೆಯೆಂದು ಕೊಳ್ಳುವ ಚಾಳಿ ನಮ್ಮ ಪ್ರಬಂಧಗಳಿಗೂ ಅಂಟಿದೆ.

ಅದಕ್ಕೆ ಹನ್ನೊಂದು ವರ್ಷ ಹಿಂದೆ, 1791ರಲ್ಲಿ, ಮರಾಠರ ದಂಡಿನವರು ಶೃಂಗೇರಿಯನ್ನು ಸೂರೆಗೊಂಡಾಗಲೂ ಘಟ್ಟದ ಕಾವಲು ಏನಾಗಿತ್ತೆಂಬ ಪ್ರಶ್ನೆ ಏಳುತ್ತದೆ. ಮಠಕ್ಕೆ ಟಿಪ್ಪು ಬರೆಸಿದ ಕನ್ನಡ ಪತ್ರಗಳು ಪ್ರಸಿದ್ಧ. ಅವುಗಳ ಕಾಳಜಿ ಮಠದ ನಷ್ಟ ಮತ್ತು ದೇವಿಯ ಪುನಃಪ್ರತಿಷ್ಠೆ. ಅವನ್ನು ಟಿಪ್ಪುವಿನ ಧರ್ಮನೀತಿಯ ವಾದಕ್ಕೆ ಬಳಸಿದಷ್ಟು, ಕಾವಲಿನ ಚರಿತ್ರೆಗಾಗಿ ಯಾರೂ ಓದಿಲ್ಲವೆಂದೇ ತೋರುತ್ತದೆ.

ವಿಚಿತ್ರವೆಂದರೆ ಇದಕ್ಕೂ ಶತಮಾನಗಳ ಹಿಂದಿನ ಕಾವಲುಗಾರ ಹೆಸರುಳ್ಳವನು. ತುರುಗಾಳಗದಲ್ಲಿ ಮಡಿದವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಜೈನ ಬಸದಿಗಳಿರುವ ಮೂಡಿಗೆರೆಯ ಅಂಗಡಿಯಲ್ಲಿ, ಹೊಯ್ಸಳರ ಮೂಲಸ್ಥಾನವಾದ ಆ ಸೊಸೆವೂರಿನಲ್ಲಿ, ಸಲ್ಲೇಖನ ಕೈಗೊಂಡ ಮುನಿಗಳಿಗೂ ಕಲ್ಲಿನ ನೆನಪುಂಟು. ಲೂಯಿಸ್ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ (1901), ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಸೀಮೆಯ ಶಾಸನಗಳನ್ನು ಒಟ್ಟಿಗೆ ಕೊಡುತ್ತದೆ. ಕಲ್ಲಿನ ಕಾಲ ಮುಗಿದು ಕಾಗದದ ಕಾಲ ಬಂದಾಗ ಬಡ ಬಂಟನು ಒಂದು ಅಂಕಿಯಾದನು.

ಹೆಸರುಗಳು ಸಿಗಬಹುದಾದ ಎಡೆ ಶಾನುಭೋಗರ ಲೆಕ್ಕದ ಕಡತಗಳು. ಮೋಡಿಯಲ್ಲಿ ಬರೆದ, ಇಜ್ಜಲು ಹಚ್ಚಿದ ಬಟ್ಟೆಯ ಕಡತ ಮಲೆನಾಡಿನ ಮಳೆಗೂ ಗೆದ್ದಲಿಗೂ ಬೇಗ ಸೋಲುತ್ತದೆ. ಹಳೆಯ ಮನೆಗಳನ್ನು ಕೆಡವಿ ತಾರಸಿ ಕಟ್ಟುವಾಗ ಅಟ್ಟದ ಗಂಟುಗಳು ಕಾಫಿ ಕಣದ ಬದಿಯ ಬೆಂಕಿಗೆ ಸೇರುತ್ತವೆ. ಮೋಡಿ ಓದಬಲ್ಲವರು ಈಗ ವಿರಳ.