ಸತ್ತವರಿಗೆ ತೆರೆದ ಊರು

‘ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ವೃದ್ಧಾಪ್ಯವನ್ನು ಕುರಿತು ಕನ್ನಡದಲ್ಲೊಂದು ಗಾದೆಯುಂಟು. ಇಸ್ರೇಲಿನ ಉತ್ತರದಲ್ಲಿ, ಲೆಬನಾನಿನ ಗಡಿಗೆ ಸಮೀಪದಲ್ಲಿದ್ದ ಇಕ್ರಿತ್ ಎಂಬ ಹಳ್ಳಿಯ ಜನರಿಗೆ ಈ ಮಾತು ವಯಸ್ಸಿನ ಭೇದವಿಲ್ಲದೆ ಅನ್ವಯಿಸಿದೆ.

ಅವರು ಅರಬ್ಬರು, ಧರ್ಮದಿಂದ ಕ್ರೈಸ್ತರು. 1948ರ ನವೆಂಬರಿನಲ್ಲಿ ಸೈನ್ಯವು ಅವರನ್ನು, ಎರಡೇ ವಾರಗಳ ಮಟ್ಟಿಗೆಂದು ಹೇಳಿ, ಊರಿನಿಂದ ಹೊರಡಿಸಿತು. ದೇಶದೊಳಗೇ ಉಳಿದ ಅವರು ಹೊಸ ರಾಷ್ಟ್ರದ ಪೌರರಾದರು. ಎರಡು ವಾರವೆಂಬುದು ಎರಡು ವರ್ಷವನ್ನೂ ಮೀರಿದಾಗ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1951ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಆದರೆ ಅದೇ ವರ್ಷದ ಕ್ರಿಸ್‌ಮಸ್ ವೇಳೆಗೆ ಸೈನ್ಯವು ಮನೆಗಳನ್ನೆಲ್ಲ ಸಿಡಿಸಿ ನೆಲಸಮ ಮಾಡಿತು. ಇಗರ್ಜಿಯೊಂದು ಉಳಿಯಿತು. ತೀರ್ಪು ಕೈಯಲ್ಲಿ, ಊರು ಮಣ್ಣಿನಲ್ಲಿ!

ಹಾಗೆಂದು ಇಸ್ರೇಲಿನ ಅರಬ್ಬರಿಗೆ ಹಕ್ಕುಗಳೇ ಇರಲಿಲ್ಲವೆನ್ನಲಾಗದು. 1949ರ ಮೊದಲ ಚುನಾವಣೆಯಲ್ಲಿಯೇ ಅವರು ಮತ ಹಾಕಿದರು. ನೆಸೆಟ್ ಎಂಬ ಸಂಸತ್ತಿನಲ್ಲಿ ಅವರ ಪ್ರತಿನಿಧಿಗಳು ಕುಳಿತರು. ಆದರೆ 1966ರ ಕೊನೆಯವರೆಗೂ ಅವರಲ್ಲಿ ಬಹುಮಂದಿ ಸೈನಿಕ ಆಡಳಿತದ ಅಡಿಯಲ್ಲಿದ್ದರು. ತಮ್ಮ ಪ್ರದೇಶದ ಎಲ್ಲೆ ದಾಟಲು ಪರವಾನಗಿ ಪತ್ರ ಬೇಕಾಗಿತ್ತು. ಮತಪತ್ರ ಹಿಡಿದ ಕೈಯೇ ಪರವಾನಗಿಗಾಗಿಯೂ ಚಾಚಬೇಕಾಗಿತ್ತು. ಆ ಆಡಳಿತ ಕೊನೆಗೊಂಡರೂ ನೆಲದ ವ್ಯಾಜ್ಯ ತೀರಲಿಲ್ಲ. ಜಮೀನಿನ ಸ್ವಾಧೀನವನ್ನು ವಿರೋಧಿಸಿ 1976ರ ಮಾರ್ಚ್ 30ರಂದು ನಡೆದ ಮುಷ್ಕರದಲ್ಲಿ ಆರು ಮಂದಿ ಪ್ರಾಣ ತೆತ್ತರು. ಅಂದಿನಿಂದ ಆ ದಿನವು ‘ಭೂದಿನ’ವಾಗಿದೆ.

ಈಗ ಆ ದೇಶದ ಐವರಲ್ಲಿ ಒಬ್ಬರು ಅರಬ್ಬರು. 2004ರಲ್ಲಿ ಸಲೀಂ ಜುಬ್ರಾನ್ ಸರ್ವೋಚ್ಚ ನ್ಯಾಯಾಲಯದ ಕಾಯಂ ನ್ಯಾಯಾಧೀಶರಾದರು. ಕಾಯಂ ಆಗಿ ಆ ಪೀಠವೇರಿದ ಅರಬ್ಬರಲ್ಲಿ ಅವರೇ ಮೊದಲಿಗರು. 2021ರಲ್ಲಿ ಮನ್ಸೂರ್ ಅಬ್ಬಾಸರ ಅರಬ್ ಪಕ್ಷವು ಆಳುವ ಒಕ್ಕೂಟವನ್ನು ಸೇರಿತು. ಇವೆರಡರ ನಡುವೆ, 2018ರ ಶಾಸನವೊಂದು ಅರಬ್ಬಿಯನ್ನು ಅಧಿಕೃತ ಭಾಷೆಯ ಪದವಿಯಿಂದ ‘ವಿಶೇಷ ಸ್ಥಾನ’ಕ್ಕೆ ಇಳಿಸಿತು.

ಮೇಲೇರಿದವರನ್ನು ಎಣಿಸುವುದು ಸುಲಭ. ಮನೆಗೆ ಮರಳದವರನ್ನು ಎಣಿಸುವವರು ವಿರಳ. ಪೌರತ್ವವೆಂದರೆ ರಾಜಧಾನಿಗೆ ಪ್ರತಿನಿಧಿಯನ್ನು ಕಳಿಸುವ ಹಕ್ಕಷ್ಟೇ ಅಲ್ಲ. ಗೆದ್ದ ತೀರ್ಪನ್ನು ಹಿಡಿದು ಮನೆಯ ಬಾಗಿಲಿಗೆ ಬರುವ ಹಕ್ಕೂ ಹೌದು. ಇಕ್ರಿತ್‌ನವರಿಗೆ ಮೊದಲನೆಯದು ದೊರೆಯಿತು, ಎರಡನೆಯದು ದೊರೆಯಲಿಲ್ಲ. 2003ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಭದ್ರತೆಯ ಕಾರಣವನ್ನು ಮನ್ನಿಸಿ ಅವರ ಬೇಡಿಕೆಯನ್ನು ತಳ್ಳಿಹಾಕಿತು.

ಆದರೂ 1970ರ ದಶಕದಿಂದ ಅವರಿಗೊಂದು ಅನುಮತಿಯುಂಟು: ಸತ್ತವರನ್ನು ಊರಿನ ಸ್ಮಶಾನದಲ್ಲಿ ಹೂಳಬಹುದು. ಹೆಗಲ ಮೇಲೆ ಬಂದವರು ಅಲ್ಲಿಯೇ ಉಳಿಯಬಹುದು. ಹೆಗಲು ಕೊಟ್ಟವರು ಹಿಂದಿರುಗಬೇಕು.