ಪಥ್ಯ ಅಂದ್ರೆ ಏನು ತಿನ್ನಬೇಕು?

ನಮ್ಮ ಕಡೆ ಪಥ್ಯ ಅಂದ್ರೆ ಬಿಡೋದು. ಎಣ್ಣೆ ಬಿಡು, ಬೇಳೆ ಬಿಡು, ಬದನೆಕಾಯಿ ಬಿಡು, ಮೊಸರು ಬಿಡು. ಆಯುರ್ವೇದದವರನ್ನು ಕೇಳಿದ್ರೆ ಆ ಪದದ ಅರ್ಥವೇ ಬೇರೆ. ರೋಗಿಗೆ ಹಿತವಾದದ್ದು ಪಥ್ಯ, ಹಿತವಲ್ಲದ್ದು ಅಪಥ್ಯ. ಅಂದ್ರೆ ಮೊದಲು ಇರಬೇಕಾದದ್ದು ತಿನ್ನೋ ಪಟ್ಟಿ. ಅದು ಯಾವಾಗ ಕಳೆದುಹೋಯ್ತೋ ಗೊತ್ತಿಲ್ಲ, ನಮ್ಮ ಪಾಲಿಗೆ ಉಳಿದದ್ದು ಬಿಡೋ ಪಟ್ಟಿ ಮಾತ್ರ. ಇದು ಬರೀ ಅಜ್ಜಿಯರ ಕಥೆ ಅಂದ್ಕೋಬೇಡಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅಪ್ಪನ ಜೊತೆ ಹತ್ತೊಂಬತ್ತು ದಿನ ಕಳೆದೆ. ಅಲ್ಲೂ ಅದೇ ಪಟ್ಟಿ, ಇಂಗ್ಲಿಷಿನಲ್ಲಿ. ಲೋ ಸಾಲ್ಟ್, ಲೋ ಫ್ಯಾಟ್, ಡಯಾಬಿಟಿಕ್, ಲೋ ಪ್ರೋಟೀನ್. ಇಷ್ಟೆಲ್ಲ ಆದ್ಮೇಲೆ ತಟ್ಟೆಯಲ್ಲಿ ಉಳಿಯೋದೇನು? ನೀರು ಗಂಜಿ, ಸಪ್ಪೆ ಇಡ್ಲಿ, ಬೇಯಿಸಿದ ಸೋರೆಕಾಯಿ.

ಅಪ್ಪನಿಗೆ ಲಿವರ್ ಸಿರೋಸಿಸ್. ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಇಪ್ಪತ್ತು ವರ್ಷದ ಶುಗರ್ರು, ಲಿವರ್‌ನಲ್ಲಿ ಸೇರಿಕೊಂಡ ಕೊಬ್ಬು, ಇವೆರಡೂ ಸೇರಿ ಮಾಡಿದ ಕೆಲಸ. ನೋಡೋಕೆ ಬಂದವರೆಲ್ಲ ಹೊರಗೆ ಕಾರಿಡಾರಿನಲ್ಲಿ ಧ್ವನಿ ತಗ್ಗಿಸಿ ‘ಕುಡೀತಿದ್ರಾ?’ ಅಂತ ಕೇಳೋರು. ತಿಪಟೂರಿನ ಕಡೆ ಮೂವತ್ತು ವರ್ಷ ಮೇಷ್ಟ್ರಾಗಿದ್ದ ಮನುಷ್ಯನಿಗೆ ಅದು ಕೇಳಿಸದೆ ಇರುತ್ತಾ?

ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೂಕ ದಿನಾ ಏರ್ತಿತ್ತು. ತೋಳು ಮಾತ್ರ ನನ್ನ ತೋಳಿಗಿಂತ ಸಣ್ಣ. ತೂಕದ ಯಂತ್ರ ಹೇಳೋ ಸುಳ್ಳು ಅಂದ್ರೆ ಇದೇ. ಚಾರ್ಟ್ ನೋಡಿದವರಿಗೆ ಅಪ್ಪ ದಪ್ಪಗಾಗ್ತಿದ್ದಾರೆ, ಸ್ನಾನ ಮಾಡಿಸಿದವರಿಗೆ ಮೂಳೆ ಕಾಣ್ತಿದೆ.

ಆ ಚಾರ್ಟಿನಲ್ಲಿ ಇಲ್ಲದ್ದೇ ಇಲ್ಲ. ಶುಗರ್, ಬಿಪಿ, ಆಕ್ಸಿಜನ್, ಕುಡಿದ ನೀರು ಎಷ್ಟು, ಹೋದ ಮೂತ್ರ ಎಷ್ಟು ಮಿಲಿಲೀಟರ್. ಆದರೆ ಒಳಗೆ ಹೋದ ಅನ್ನ ಎಷ್ಟು ಅಂತ ಬರೆಯೋಕೆ ಜಾಗ ಇರಲಿಲ್ಲ. ಮುಚ್ಚಿದ ತಟ್ಟೆ ಬರುತ್ತೆ, ಮುಕ್ಕಾಲು ಗಂಟೆ ಬಿಟ್ಟು ಮುಚ್ಚಿದ ತಟ್ಟೆ ಹೋಗುತ್ತೆ. ಎಷ್ಟು ಉಳಿದಿತ್ತು ಅನ್ನೋದು ತಟ್ಟೆ ಎತ್ತೋ ಹುಡುಗನಿಗೆ ಮಾತ್ರ ಗೊತ್ತು. ಅವನನ್ನು ರೌಂಡ್ಸ್‌ಗೆ ಯಾರೂ ಕರೆಯಲ್ಲ.

ನಮ್ಮತ್ತೆಗೆ ಮಾತ್ರ ಚಿಂತೆಯೇ ಇಲ್ಲ. ‘ಗ್ಲೂಕೋಸ್ ಏರಿಸಿದಾರಲ್ಲ ಪುಟ್ಟಿ, ಊಟ ಸೇರದಿದ್ರೂ ನಡೆಯುತ್ತೆ ಬಿಡು.’ ಲೆಕ್ಕ ಹಾಕಿ ನೋಡಿ. ಶೇಕಡಾ 5ರ ಗ್ಲೂಕೋಸ್, 500 ಮಿಲಿಲೀಟರ್ ಬಾಟ್ಲಿ. ಅದರಲ್ಲಿರೋದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿ ದಾಟಲ್ಲ, ಪ್ರೋಟೀನ್ ಸೊನ್ನೆ. ಎರಡು ಇಡ್ಲಿ ತಿಂದ ಹಾಗೆ, ಅಷ್ಟೇ.

ಆಫೀಸಿನಲ್ಲಿ ನನ್ನ ಕೆಲಸವೇ ಸ್ಪ್ರೆಡ್‌ಶೀಟ್ ತುಂಬೋದು. ಅಲ್ಲೂ ಅದನ್ನೇ ಮಾಡಿದೆ. ಏನು ಬಂತು, ಎಷ್ಟು ಹೋಯ್ತು, ಅದರಲ್ಲಿ ಪ್ರೋಟೀನ್ ಎಷ್ಟು. ಇಡ್ಲಿಗೆ 2 ಗ್ರಾಂ, ಲೋಟ ಹಾಲಿಗೆ 6. ನಾಲ್ಕು ದಿನದ ಲೆಕ್ಕ 22, 17, 25, 6. ಆ ಆರರ ದಿನ ಎಂಡೋಸ್ಕೋಪಿ ಇತ್ತು. ಹಿಂದಿನ ರಾತ್ರಿ ಎಂಟಕ್ಕೆ ಊಟ ನಿಂತಿತು, ಬೆಳಗ್ಗೆ ಒಂಬತ್ತಕ್ಕೆ ಅಂದವರು ಮಧ್ಯಾಹ್ನ ಮೂರಕ್ಕೆ ಕರೆದರು. ನಮಗೆ ಹತ್ತೊಂಬತ್ತು ಗಂಟೆ ಉಪವಾಸ ಅಂದ್ರೆ ಒಂದು ಏಕಾದಶಿ. ಲಿವರ್ ಕೆಟ್ಟವರಿಗೆ ಹಾಗಲ್ಲ. ರಾತ್ರಿ ಖರ್ಚಿಗೆ ಬೇಕಾದ ಸಕ್ಕರೆಯನ್ನು ಕೂಡಿಡೋದು ಲಿವರ್ ಕೆಲಸ. ಅದಕ್ಕೆ ಶಕ್ತಿ ಇಲ್ಲದಾಗ ದೇಹ ಸ್ನಾಯುವನ್ನೇ ಕರಗಿಸಿ ಉರಿಸೋಕೆ ಶುರುಮಾಡುತ್ತೆ. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದರೆ ಆಗೋ ಸ್ಥಿತಿ ಇವರಿಗೆ ಒಂದು ರಾತ್ರಿಯಲ್ಲೇ ಬರುತ್ತೆ.

ಇನ್ನು ಆ ಲೋ ಪ್ರೋಟೀನ್. ಸಿರೋಸಿಸ್ ಇರುವವರಿಗೆ ರಕ್ತದಲ್ಲಿ ಅಮೋನಿಯಾ ಏರಿ ಮಂಕು ಕವಿಯೋದುಂಟು. ಪ್ರೋಟೀನ್ ಕೊಟ್ರೆ ಅದು ಹೆಚ್ಚುತ್ತೆ ಅಂತ ಹಿಂದೆ ಬೇಳೆ, ಹಾಲು ಎಲ್ಲ ನಿಲ್ಲಿಸೋರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಇಂಥ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಮಾಮೂಲು ಪ್ರೋಟೀನ್ ಕೊಟ್ಟು ನೋಡಿದರು. ಮಾಮೂಲು ಕೊಟ್ಟವರಿಗೆ ಮಂಕೇನೂ ಹೆಚ್ಚಲಿಲ್ಲ. ಕಡಿಮೆ ಕೊಟ್ಟವರ ಮೈ ಹೆಚ್ಚು ಕರಗಿತು. ಅಮೋನಿಯಾವನ್ನು ಹಿಡಿದು ತೆಗೆಯೋದರಲ್ಲಿ ಸ್ನಾಯುವಿಗೂ ಪಾಲಿದೆ, ಸ್ನಾಯು ಹೋದ್ರೆ ಆ ದಾರಿಯೂ ಹೋಯ್ತು. 2019ರ ಯುರೋಪಿನ ಮಾರ್ಗಸೂಚಿ ನೇರವಾಗಿ ಹೇಳುತ್ತೆ: ಇವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮಲಗೋ ಮುಂಚೆ ಏನಾದ್ರೂ ತಿನ್ನಬೇಕು. ನೀರಿನ ಭಾರ ಕಳೆದು ಅಪ್ಪ 58 ಕಿಲೋ. ಅಂದ್ರೆ ಕಡಿಮೆ ಅಂದ್ರೂ 70 ಗ್ರಾಂ. ಹೋಗ್ತಿದ್ದದ್ದು 20ರ ಆಸುಪಾಸು. (ಕಿಡ್ನಿ ಕಾಯಿಲೆಯವರ ಲೆಕ್ಕ ಬೇರೆ, ದಯವಿಟ್ಟು ಈ ಸಂಖ್ಯೆ ಹಿಡ್ಕೊಂಡು ಓಡಬೇಡಿ.)

ರೌಂಡ್ಸ್‌ನಲ್ಲಿ ನಮಗೆ ಸಿಗೋದು ಒಂದು ನಿಮಿಷ. ಅದರಲ್ಲಿ ‘ನೆಟ್ಟಲ್ಲಿ ಓದಿದೆ ಸರ್’ ಅಂದ್ರೆ ಆ ನಿಮಿಷವೂ ಹೋಯ್ತು. ‘ಅಪ್ಪ ಏನೂ ತಿಂತಿಲ್ಲ’ ಅಂದ್ರೆ ‘ಸ್ವಲ್ಪ ಸ್ವಲ್ಪ ತಿನ್ನಿಸಿ ಅಮ್ಮಾ’ ಅಂತ ಬರುತ್ತೆ, ಅವರು ಮುಂದಿನ ಬೆಡ್‌ಗೆ ಹೋಗಿರ್ತಾರೆ. ನಾನು ಹಾಳೆ ಕೈಗೆ ಕೊಟ್ಟು ಕೇಳಿದೆ, ‘ಸರ್, ಅಪ್ಪನಿಗೆ ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ಹೋಗ್ಬೇಕು? ನಾಲ್ಕು ದಿನದಿಂದ ಇಷ್ಟು ಹೋಗಿದೆ.’ ಸಂಖ್ಯೆ ಕೇಳಿದ್ರೆ ಸಂಖ್ಯೆಯಲ್ಲೇ ಉತ್ತರ ಹೇಳಬೇಕಾಗುತ್ತೆ. ದೊಡ್ಡ ಡಾಕ್ಟ್ರು ಹಾಳೆ ನೋಡಿದರು, ಫೈಲ್ ತಿರುವಿದರು. ‘ಲೋ ಪ್ರೋಟೀನ್ ಅಂತ ಯಾರು ಬರೆದದ್ದು?’

ಯಾರೂ ಮಾತಾಡಲಿಲ್ಲ. ಅಡ್ಮಿಟ್ ಆದ ರಾತ್ರಿ, ಅಪ್ಪ ನನ್ನನ್ನು ಅತ್ತೆಯ ಹೆಸರಿನಿಂದ ಕರೀತಿದ್ದಾಗ, ಡ್ಯೂಟಿಯಲ್ಲಿದ್ದ ಯಾರೋ ಬರೆದದ್ದು. ಮಂಕು ಮೂರನೇ ದಿನಕ್ಕೆ ಇಳಿದಿತ್ತು. ಆ ಎರಡು ಪದ ಮಾತ್ರ ಒಂಬತ್ತು ದಿನ ಅಡುಗೆಮನೆಗೆ ಹೋಗ್ತಾನೇ ಇತ್ತು. ಡಾಕ್ಟ್ರು ಪೆನ್ ತೆಗೆದು ಒಂದು ಗೀರು ಎಳೆದರು, ಅಷ್ಟೇ ಕೆಲಸ.

ಅವರನ್ನು ಬೈಯೋಕೆ ಇದನ್ನು ಬರೀತಿಲ್ಲ. ಒಬ್ಬ ಸಿಸ್ಟರ್‌ಗೆ ಹನ್ನೊಂದು ಬೆಡ್ ಇದ್ದವು. ಅಮೆರಿಕದ ಚಾರ್ಲ್ಸ್ ಬಟರ್‌ವರ್ತ್ ಅನ್ನೋ ವೈದ್ಯರು 1974ರಲ್ಲೇ ಆಸ್ಪತ್ರೆಯೊಳಗಿನ ಅಪೌಷ್ಟಿಕತೆ ಬಗ್ಗೆ ಬರೆದಿದ್ದರು. ತೂಕ ಬರೆಯದಿರೋದು, ಟೆಸ್ಟಿಗಾಗಿ ಊಟ ತಪ್ಪಿಸೋದು, ದಿನಗಟ್ಟಲೆ ಗ್ಲೂಕೋಸ್ ಮೇಲೇ ಇಡೋದು, ರೋಗಿ ಎಷ್ಟು ತಿಂದ ಅಂತ ಯಾರೂ ನೋಡದಿರೋದು, ಜವಾಬ್ದಾರಿ ಹತ್ತು ಜನರಲ್ಲಿ ಹಂಚಿಹೋಗೋದು. ಐವತ್ತು ವರ್ಷ ಹಳೆಯ ಆ ಪಟ್ಟಿಯನ್ನು ನಮ್ಮ ವಾರ್ಡಿನ ಗೋಡೆಗೆ ಅಂಟಿಸಬಹುದಿತ್ತು.

ಅವತ್ತು ಸಂಜೆ ಡಯಟೀಷಿಯನ್ ಬಂದ್ರು. ಚಿಕ್ಕ ಹುಡುಗಿ. ಕೂತ್ಕೊಂಡು ‘ಅಂಕಲ್, ಮನೇಲಿ ಏನು ಇಷ್ಟ ಪಡ್ತಿದ್ರಿ?’ ಅಂದ್ರು. ಅಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದ ಮೊದಲನೆಯವರು. ಎರಡು ಮಾತಿಗೆ ಸುಸ್ತಾಗ್ತಿದ್ದ ಅಪ್ಪ ಮುದ್ದೆ, ಹೆಸರುಕಾಳಿನ ಸಾರು, ಗಟ್ಟಿ ಮೊಸರಿನ ಮೇಲೆ ಐದು ನಿಮಿಷ ಮಾತಾಡಿದರು.

ಹೊರಗಿನ ಊಟಕ್ಕೆ ಅನುಮತಿ ಇರಲಿಲ್ಲ. ಅದಕ್ಕೊಂದು ಪತ್ರ, ಎರಡು ಸಹಿ. ಉಪ್ಪು ಕಡಿಮೆಯೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಆದ್ರೆ ಸಪ್ಪೆ ಅಂತ ತಟ್ಟೆಯನ್ನೇ ತಳ್ಳಿದ್ರೆ ಉಪ್ಪು ಬಿಟ್ಟು ಏನು ಲಾಭ? ಅಮ್ಮ ತೊವ್ವೆಗೆ ಜೀರಿಗೆ, ಮೆಣಸು ಕುಟ್ಟಿ ಹಾಕಿ ಮೇಲೆ ನಿಂಬೆಹಣ್ಣು ಹಿಂಡಿದರು. ರಾತ್ರಿ ಹತ್ತಕ್ಕೆ ಹಾಲಿನಲ್ಲಿ ಹುರಿಗಡಲೆ ಹಿಟ್ಟು. ಮುಂದಿನ ಸ್ಕ್ಯಾನಿಗೆ ದಿನದ ಮೊದಲ ಸ್ಲಾಟೇ ಬೇಕು ಅಂತ ನಾನು ಕೌಂಟರಿನಲ್ಲಿ ನಿಂತೆ. ವಾರದ ಕೊನೆಗೆ ನನ್ನ ಹಾಳೆಯಲ್ಲಿ 61 ಅಂತ ಬಿತ್ತು.

ಲಿವರ್ ವಾಸಿಯಾಗಲಿಲ್ಲ. ಆಗೋದೂ ಇಲ್ಲ ಅಂತ ಡಾಕ್ಟ್ರು ಸ್ಪಷ್ಟವಾಗಿ ಹೇಳಿದ್ದಾರೆ. ಆದ್ರೆ ಬಾತ್‌ರೂಮಿಗೆ ಅಪ್ಪ ನನ್ನ ಭುಜ ಬಿಟ್ಟು ಹೋಗಬಲ್ಲವರಾದರು, ಬಾಗಿಲು ಒಳಗಿನಿಂದ ಹಾಕ್ಕೊಳ್ಳಬಲ್ಲವರಾದರು. ಮಗಳ ಕೈ ಹಿಡ್ಕೊಂಡು ಬಾತ್‌ರೂಮಿಗೆ ಹೋಗೋದು ಮೇಷ್ಟ್ರಿಗೆ ಎಷ್ಟು ಕಷ್ಟವಾಗಿತ್ತು ಅನ್ನೋದು ನನಗೆ ಗೊತ್ತಿತ್ತು.

ಡಿಸ್ಚಾರ್ಜ್ ದಿನ ನಾಲ್ಕು ಪುಟದ ಸಮ್ಮರಿ ಕೈಗೆ ಬಂತು. ಊಟದ ಬಗ್ಗೆ ಅದರಲ್ಲಿ ಪ್ರಿಂಟ್ ಆಗಿದ್ದದ್ದು ಮತ್ತೆ ಅದೇ, ಲೋ ಸಾಲ್ಟ್, ಡಯಾಬಿಟಿಕ್. ಆ ಹುಡುಗಿಯನ್ನು ಹುಡುಕಿಕೊಂಡು ಎರಡನೇ ಮಹಡಿಗೆ ಹೋದೆ. ಅದರ ಪಕ್ಕದಲ್ಲೇ ಅವರು ಪೆನ್ನಿನಲ್ಲಿ ಬರೆದುಕೊಟ್ಟರು: ಪ್ರೋಟೀನ್ ದಿನಕ್ಕೆ 70 ಗ್ರಾಂ, ರಾತ್ರಿ 10ಕ್ಕೆ ತಪ್ಪದೆ ಏನಾದರೂ ತಿನ್ನಬೇಕು.