ಮಿರಜಿನಲ್ಲಿ ಬಿಡಾರ, ಸಾಂಗಲಿಯಲ್ಲಿ ರವಿವಾರ

ಬೆಳಗಾವಿ, ಬಾಗಲಕೋಟೆ, ಹುಬ್ಬಳ್ಳಿ ಕಡೆಯ ನಮ್ಮ ವ್ಯಾಪಾರಸ್ಥ ಮನೆತನದವರು ಸಾಂಗಲಿಗೆಂದು ಹೊರಟರೂ ಇಳಿದುಕೊಳ್ಳುವುದು ಹೆಚ್ಚಾಗಿ ಮಿರಜಿನಲ್ಲಿ. ರೇಲ್ವೆ ಜಂಕ್ಷನ್ ಇರುವುದು ಅಲ್ಲಿ. ಪುಣೆ, ಕೊಲ್ಲಾಪುರ, ಪಂಢರಪುರ, ಬೆಳಗಾವಿ ಈ ನಾಲ್ಕೂ ದಿಕ್ಕಿನ ಹಳಿಗಳು ಅಲ್ಲಿ ಕೂಡುತ್ತವೆ. 1990ರ ದಶಕದಲ್ಲಿ ದಕ್ಷಿಣದ ಮಾರ್ಗ ಬ್ರಾಡ್‌ಗೇಜ್ ಆಗುವವರೆಗೆ ನಮ್ಮ ಕಡೆಯಿಂದ ಪುಣೆ-ಮುಂಬಯಿಗೆ ಹೋಗುವವರು ಗಂಟುಮೂಟೆ ಇಳಿಸಿ ಗಾಡಿ ಬದಲಿಸುತ್ತಿದ್ದುದೂ ಅಲ್ಲಿಯೇ. ಆ ರೂಢಿ ಇನ್ನೂ ಕಾಲಿನಲ್ಲಿ ಉಳಿದಿದೆ. ಎರಡನೆಯ ಕಾರಣ ದವಾಖಾನೆಗಳು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಇಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ ವೈದ್ಯರ ಊರೆಂದೇ ಹೆಸರಾಯಿತು. ಕಾಗವಾಡ, ಅಥಣಿ, ರಾಯಬಾಗ, ಜಮಖಂಡಿ ಕಡೆಯವರು ತಮ್ಮ ಜಿಲ್ಲಾ ಸ್ಥಳಕ್ಕಿಂತ ಮೊದಲು ಮಿರಜಿನ ಹೆಸರನ್ನೇ ಹೇಳುತ್ತಾರೆ. ಹೀಗಾಗಿ ಅಲ್ಲಿಯ ಲಾಡ್ಜುಗಳಲ್ಲಿ ಕನ್ನಡ ಮಾತಿಗೆ ಕೊರತೆಯಿಲ್ಲ.

ಆದರೆ ಪೇಟೆ ಇರುವುದು ಸಾಂಗಲಿಯಲ್ಲಿ, ಬಂಧುಬಳಗ ಇರುವುದೂ ಸಾಂಗಲಿಯಲ್ಲಿ. ನಡುವಿನ ದಾರಿ ಸುಮಾರು 10 ಕಿಲೋಮೀಟರು. ವಾರದ ದಿನಗಳಲ್ಲಿ ಇದು ಲೆಕ್ಕಕ್ಕೆ ಬಾರದ ದೂರ. ವಾರದ ಕೊನೆಯಲ್ಲಿ, ಅದರಲ್ಲೂ ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವಿದ್ದವರಿಗೆ, ಇದೇ ದಾರಿ ಬೇರೆಯಾಗಿ ಕಾಣುತ್ತದೆ.

ನಮ್ಮ ತಂದೆಯವರಿಗೆ ಸೊಂಟದ ಎಲುಬಿನ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದು, ಮಾರ್ಗಶಿರ ಮಾಸದಿಂದ ಐದು ವಾರ ನಾವು ಮಿರಜಿನ ಸ್ಟೇಶನ್ ಹತ್ತಿರದ ಲಾಡ್ಜೊಂದರಲ್ಲಿ ಬಿಡಾರ ಮಾಡಿದ್ದೆವು. ತಾಯಿಯವರ ತಂಗಿಯ ಮನೆ ಸಾಂಗಲಿಯ ಗಾವಭಾಗದಲ್ಲಿದೆ. ಅಲ್ಲಿಯೇ ಇರಿ ಎಂದು ಅವರು ಒತ್ತಾಯಿಸಿದರು. ನಡುರಾತ್ರಿ ದವಾಖಾನೆಯಿಂದ ಕರೆ ಬಂದರೆ 10 ಕಿಲೋಮೀಟರು ಓಡುವವರಾರು? ಹೀಗಾಗಿ ಲಾಡ್ಜೇ ಸರಿ ಎಂದೆವು. ಆದರೆ ಶನಿವಾರ ಮಧ್ಯಾಹ್ನದಿಂದ ದೊಡ್ಡ ಡಾಕ್ಟರರು ಬರುವುದಿಲ್ಲ, ರವಿವಾರ ಮಾರುಕಟ್ಟೆ ಅಂಗಳದಲ್ಲಿ ಸವಾಲು ನಡೆಯುವುದಿಲ್ಲ. ಕಾಟಿನ ಪಕ್ಕದಿಂದ ಏಳದೆ ಕುಳಿತಿದ್ದ ತಾಯಿಯವರನ್ನು ರವಿವಾರಕ್ಕೊಮ್ಮೆಯಾದರೂ ಸಾಂಗಲಿಗೆ ಕರೆದುಕೊಂಡು ಹೋಗಿ ಬನ್ನಿ ಎಂದು ತಂದೆಯವರೇ ಹಟ ಹಿಡಿದರು. ಅವರದೊಂದು ಷರತ್ತು ಮಾತ್ರ ಇತ್ತು. ಸಂಜೆಯ ಊಟವನ್ನು ಅವರು ತಾಯಿಯವರೊಡನೆಯೇ ಮಾಡುವರು. ಅವರು ಬಾರದಿದ್ದರೆ ಹಾಗೆಯೇ ಮಲಗುವರು.

ನಿಯಮದಂತೆ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಯಬೇಕು. ಡಿಸೆಂಬರಿನಲ್ಲಿ ಆ ಸೀಮೆಯಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ. ಎಂದರೆ 5ರ ಸುಮಾರಿಗೆ ತಟ್ಟೆಯ ಮುಂದೆ ಕುಳಿತಿರಬೇಕು, 4ಕ್ಕೆ ಸಾಂಗಲಿ ಬಿಟ್ಟಿರಬೇಕು. ಔಷಧಿ ತೆಗೆದುಕೊಳ್ಳುವ ರೋಗಿಗೆ ರಿಯಾಯಿತಿ ಇದೆಯೆಂದು ನಾವು ಹೇಳಿದ್ದುಂಟು. ಅವರು ಕೇಳುವವರಲ್ಲ.

ಹೋಗುವ ಬಗೆಗಳು ಮೂರು. ಎಸ್.ಟಿ.ಯ ನಗರ ಬಸ್ಸುಗಳು ಎರಡೂ ಊರುಗಳ ನಡುವೆ ದಿನವಿಡೀ ಓಡುತ್ತವೆ. ಮುದುಕರಿಗೆ ಇವೇ ಮೇಲು, ಆದರೆ ಜಾಗ ಸಿಗುವುದು ಬೆಳಿಗ್ಗೆ ಮಾತ್ರ. ಜನ ತುಂಬುವವರೆಗೆ ನಿಂತು ಹೊರಡುವ ಹಂಚಿಕೆಯ ರಿಕ್ಷಾಗಳಿಗೆ ಅಲ್ಲಿ ವಡಾಪ್ ಎನ್ನುತ್ತಾರೆ. ಬೇಗ ಮುಟ್ಟಿಸುತ್ತವೆ, ಆದರೆ ಮೊಣಕಾಲು ನೋವಿನವರು ಹತ್ತಬಾರದು. ಮೂರನೆಯದು ರೇಲ್ವೆ. ಪುಣೆಯ ಕಡೆಗೆ ಹೋಗುವ ಗಾಡಿ ಮಿರಜ ಬಿಟ್ಟ ಕಾಲು ಗಂಟೆಯೊಳಗೆ ಸಾಂಗಲಿಯಲ್ಲಿರುತ್ತದೆ. ಆದರೆ ರವಿವಾರ ಸಂಜೆ ಪುಣೆ-ಮುಂಬಯಿಗೆ ಕೆಲಸಕ್ಕೆ ಮರಳುವ ಹುಡುಗರು ಟಿಕೀಟು ಕಿಟಕಿಯ ಮುಂದೆ ಸಾಲುಗಟ್ಟಿರುತ್ತಾರೆ. ಬೆಂಗಳೂರಿನ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸನ್ನು ಈಚಿನ ವರ್ಷಗಳಲ್ಲಿ ಮಿರಜಿನಿಂದ ಮುಂದೆ ಸಾಂಗಲಿಯವರೆಗೂ ಒಯ್ದಿದ್ದಾರೆ. ಬರಿಯ ಪೇಟೆಯ ಕೆಲಸಕ್ಕೆ ಬರುವವರು ಈಗ ಮಿರಜಿನಲ್ಲಿ ಇಳಿಯುವ ಅಗತ್ಯವೇ ಇಲ್ಲ.

ನಮಗೆ ಹಿಡಿಸಿದ್ದು ಬೆಳಗಿನ ಬಸ್ಸು. ಮಿರಜಿನ ಬಸದಿಯಲ್ಲಿ ದರ್ಶನ ಮುಗಿಸಿ 8ಕ್ಕೆ ಹತ್ತಿದರೆ ಕಿಟಕಿಯ ಪಕ್ಕ ಜಾಗ ಖಚಿತ. ಆ ದಾರಿಯೂ ನೋಡತಕ್ಕದ್ದೇ. ಮಿಶನ್ ಆಸ್ಪತ್ರೆ ದಾಟಿದ ಮೇಲೆ ವಾನ್ಲೆಸ್‌ವಾಡಿ ಬರುತ್ತದೆ. ಕ್ಷಯರೋಗಿಗಳನ್ನು ಊರ ಹೊರಗೆ ಒಳ್ಳೆಯ ಗಾಳಿಯಲ್ಲಿ ಇಡಬೇಕೆಂದು ಅದೇ ವೈದ್ಯರು ಆರೋಗ್ಯಧಾಮ ಮಾಡಿಸಿದ ಜಾಗ. ಆಮೇಲೆ 1919ರ ವಿಲಿಂಗ್ಡನ್ ಕಾಲೇಜು, ಮುಂದೆ ವಿಶ್ರಾಮಬಾಗದಲ್ಲಿ ವಾಲಚಂದ ಇಂಜಿನಿಯರಿಂಗ್ ಕಾಲೇಜು. 1947ರಲ್ಲಿ ಆರಂಭವಾದ ಈ ಕಾಲೇಜಿಗೆ ಸೊಲ್ಲಾಪುರದ ನಮ್ಮ ಸಮಾಜದ ಉದ್ಯಮಿ ವಾಲಚಂದ ಹೀರಾಚಂದರ ಹೆಸರು ಬಂದದ್ದು ತರುವಾಯ. ಹಡಗು, ವಿಮಾನ, ಮೋಟಾರು ಎಲ್ಲದರ ಕಾರಖಾನೆ ಕಟ್ಟಲು ಹೊರಟ ಆ ಧೀರನ ಹೆಸರನ್ನು ತಾಯಿಯವರು ಪ್ರತಿ ವಾರ ಫಲಕದಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಮಾರುಕಟ್ಟೆ ಅಂಗಳ, ಆಮೇಲೆ ಊರು.

ಇಷ್ಟು ಹತ್ತಿರದಲ್ಲಿ ಎರಡು ದೊಡ್ಡ ಊರುಗಳು ಏಕೆ ಹುಟ್ಟಿದವು? ಉತ್ತರ ನಮ್ಮ ಮನೆತನಗಳಿಗೆ ಸುಲಭವಾಗಿ ತಿಳಿಯುವಂಥದು: ಅಣ್ಣತಮ್ಮಂದಿರ ಕವಲಿನ ಹಿಸ್ಸೆ. ಮಿರಜ ಪಟವರ್ಧನರ ಸಂಸ್ಥಾನ. ಚಿಂತಾಮಣರಾವ್ ಪಟವರ್ಧನರಿಗೂ ಅವರ ಕಾಕಾ ಗಂಗಾಧರರಾಯರಿಗೂ ಹೊಂದಿಕೆಯಾಗದೆ, 1801ರ ಸುಮಾರಿಗೆ ಚಿಂತಾಮಣರಾಯರು ತಮ್ಮ ಪಾಲು ತೆಗೆದುಕೊಂಡು ಮನೆದೇವರಾದ ಗಣಪತಿಯೊಡನೆ ಮಿರಜ ಬಿಟ್ಟರು. ಕೃಷ್ಣೆಯ ದಂಡೆಯ ಚಿಕ್ಕ ಊರಾದ ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡರು. ಕಾಕಾನ ಪಾಲಿಗೆ ಕೋಟೆ ಉಳಿಯಿತು, ಮಗನ ಪಾಲಿಗೆ ಪೇಟೆ ಬೆಳೆಯಿತು. 1998ರಲ್ಲಿ ಸಾಂಗಲಿ-ಮಿರಜ-ಕುಪವಾಡ ಎಂದು ಒಂದೇ ಮಹಾನಗರಪಾಲಿಕೆ ಆಗಿದೆ. ಆದರೂ ಮಿರಜಿನವರು ಇಂದಿಗೂ "ಸಾಂಗಲಿಗೆ ಹೋಗಿಬರುತ್ತೇವೆ" ಎಂದೇ ಹೇಳುತ್ತಾರೆ. ಪಾಲಾದ ಮನೆ ಕಾಗದದ ಮೇಲೆ ಕೂಡಿದಷ್ಟು ಬೇಗ ಬಾಯಲ್ಲಿ ಕೂಡುವುದಿಲ್ಲ.

ಇದೇ ಚಿಂತಾಮಣರಾಯರ ದರಬಾರಿಗೆ 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳವೊಂದು ಬಂದು ಯಕ್ಷಗಾನ ಆಡಿ ತೋರಿಸಿತು. ಮರಾಠಿಯಲ್ಲೂ ಹೀಗೊಂದು ಆಗಬೇಕೆಂದು ರಾಯರು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂದಿತು, ಮರಾಠಿ ರಂಗಭೂಮಿ ಅಲ್ಲಿಂದ ಮೊದಲಾಯಿತೆಂದು ಮರಾಠಿಗರೇ ಒಪ್ಪುತ್ತಾರೆ. ಗಡಿಯ ವಾದ ಎಷ್ಟೇ ಇರಲಿ, ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಮೊದಲ ಎರಡು ರವಿವಾರ ಸುಖವಾಗಿ ಕಳೆದವು. ಗಣಪತಿ ಪೇಟೆಯಲ್ಲಿ ತಾಯಿಯವರಿಗೆ ಒಣದ್ರಾಕ್ಷಿಯ ಆಸೆ. ತಾಸಗಾವ-ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಊರ ಹೆಸರಿನ ಭಡಂಗ ಎಂಬ ಮಂಡಕ್ಕಿ ತಿಂಡಿಯಲ್ಲಿ ಬಳ್ಳುಳ್ಳಿ ಧಾರಾಳವಾಗಿರುತ್ತದೆ, ಕೇಳಿಯೇ ಕೊಳ್ಳಬೇಕು. ಸರಾಫ ಅಂಗಡಿಗಳ ಮುಂದೆ ಹೆಂಗಸರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪುಣೆಯಲ್ಲಿ ಹೆಸರಾದ ಗಾಡಗೀಳ ಮನೆತನದ ಸರಾಫಿ ಶುರುವಾದದ್ದು 1832ರಲ್ಲಿ ಇದೇ ಸಾಂಗಲಿಯಲ್ಲಿ ಎಂಬುದು ಅನೇಕರಿಗೆ ಗೊತ್ತಿರಲಾರದು.

ಮೂರನೆಯ ರವಿವಾರ ಮದುವೆಯ ಮುಹೂರ್ತ ಇತ್ತು. 4ಕ್ಕೆ ಸರಿಯಾಗಿ ಬಸ್ಸು ಹತ್ತಿದೆವು, ಮಾರುಕಟ್ಟೆ ಅಂಗಳದ ಹತ್ತಿರ ಬಸ್ಸು ನಿಂತಿತು. ಮುಂದೆ ಎರಡು ವರಾತಗಳು, ವಾದ್ಯ, ಕುದುರೆ, ಕುಣಿಯುವ ಹುಡುಗರು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ತಾಯಿಯವರು ಏನೂ ಮಾತನಾಡಲಿಲ್ಲ. ಕಿಟಕಿಯಿಂದ ಹಿಂದಕ್ಕೆ ತಿರುಗಿ ಪಶ್ಚಿಮವನ್ನೇ ನೋಡುತ್ತ, ಬೆರಳುಗಳ ಮೇಲೆ ಣಮೋಕಾರ ಎಣಿಸುತ್ತಿದ್ದರು. ನಾವು ಇಳಿದು, ಗದ್ದಲ ದಾಟುವವರೆಗೆ ಅವರನ್ನು ಕೈ ಹಿಡಿದು ನಡೆಸಿ, ವಿಶ್ರಾಮಬಾಗದ ಈಚೆ ಒಂದು ರಿಕ್ಷಾ ಹಿಡಿದೆವು. ರಿಕ್ಷಾದವನು ಮುಸಲ್ಮಾನ ಹುಡುಗ. ವಿಷಯ ಕೇಳಿದವನೇ, "ರೋಜಾ ಬಿಡೋ ಹೊತ್ತು ನಮಗೂ ಗೊತ್ತು, ಕೂಡ್ರಿ" ಎಂದು ಒಳದಾರಿಗಳಲ್ಲಿ ತಿರುಗಿಸಿ ದವಾಖಾನೆಯ ಬಾಗಿಲಿಗೆ ಮುಟ್ಟಿಸಿದ. ಎರಡು ಘಳಿಗೆಯ ಗಡುವು ಮೀರಿತ್ತು, ಸೂರ್ಯ ಇನ್ನೂ ಇದ್ದ. ತಂದೆಯವರ ಮುಂದೆ ಮುಚ್ಚಿದ ಡಬ್ಬಿ ಹಾಗೆಯೇ ಇತ್ತು. ಅವರು ತಾಯಿಯವರ ಮುಖ ನೋಡಿದರು. ಇಬ್ಬರೂ ಬಿಸಿನೀರು ಕುಡಿದು ಆ ಸಂಜೆ ಅಷ್ಟಕ್ಕೇ ಬಿಟ್ಟರು. ನರ್ಸ್ ಬಾಯಿಯವರು ಗುಳಿಗೆಯ ಬಗ್ಗೆ ನಮ್ಮನ್ನು ಗದರಿದರು, ಅವರ ಮಾತೂ ಸರಿಯೇ.

ಅಂದಿನಿಂದ ಹೋಗುವುದು ಬೆಳಿಗ್ಗೆ 7ಕ್ಕೆ, ಹೊರಡುವುದು ಮಧ್ಯಾಹ್ನ 2ಕ್ಕೆ ಎಂದು ಮಾಡಿಕೊಂಡೆವು. ಲಗ್ನದ ದಿನಗಳಲ್ಲಿ ಬರುವವರು ಪಂಚಾಂಗ ನೋಡಿಕೊಂಡೇ ಬರಬೇಕು. ಮಳೆಗಾಲದಲ್ಲಿ ಬರುವವರು ನದಿಯನ್ನು ಕೇಳಿಕೊಂಡು ಬರಬೇಕು. ಸಾಂಗಲಿಯ ಅಯರ್ವಿನ್ ಸೇತುವೆಯ ಹತ್ತಿರ 40 ಅಡಿ ಎಂದರೆ ಎಚ್ಚರಿಕೆ, 45 ಅಡಿ ಎಂದರೆ ಅಪಾಯ. 2019ರ ಆಗಸ್ಟಿನಲ್ಲಿ ಕೃಷ್ಣೆ 57 ಅಡಿಯನ್ನೂ ಮೀರಿ ಪೇಟೆಯ ಅಂಗಡಿಗಳೊಳಗೆ ಹೊಕ್ಕಳು. ಚಿಕ್ಕಮ್ಮನ ಮನೆಯ ಗೋಡೆಯಲ್ಲಿ ಆ ನೀರಿನ ಗೆರೆ ಸುಣ್ಣದಡಿಯಿಂದ ಇನ್ನೂ ಇಣುಕುತ್ತದೆ.

ಐದನೆಯ ರವಿವಾರ ತಂದೆಯವರಿಗೆ ವಾಕರ್ ಹಿಡಿದು ನಡೆಯಲು ಅನುಮತಿ ಸಿಕ್ಕಿತ್ತು. ಎತ್ತರದ ಸೀಟಿನ ಬಾಡಿಗೆ ಕಾರು ಮಾಡಿಸಿ, ಎಲ್ಲಿಗೆ ಎಂದು ಕೇಳಿದೆವು. ಪೇಟೆ ಬೇಡ, ಹರಿಪುರಕ್ಕೆ ನಡೆಯಿರಿ ಎಂದರು. ಹರಿಪುರ ಸಾಂಗಲಿಯ ಮಗ್ಗುಲಲ್ಲೇ, ಕೃಷ್ಣಾ-ವಾರಣಾ ಕೂಡುವ ಸ್ಥಳ. ಅಲ್ಲಿಯ ಮಣ್ಣಿನಲ್ಲಿ ತೋಡಿದ ಆಳವಾದ ಹಗೇವುಗಳಲ್ಲಿ ಅರಿಷಿಣ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ, ಬಣ್ಣ ಕೆಡುತ್ತಿರಲಿಲ್ಲ. ಸಾಂಗಲಿ ಅರಿಷಿಣದ ರಾಜಧಾನಿಯಾದದ್ದರಲ್ಲಿ ಈ ಹಗೇವುಗಳ ಪಾಲು ದೊಡ್ಡದು. ನಮ್ಮ ಅಜ್ಜನವರು ಬೆಲೆ ಇಳಿದ ವರ್ಷಗಳಲ್ಲಿ ಮಾಲು ಅಲ್ಲಿಯೇ ಇಡಿಸುತ್ತಿದ್ದರು. (ಹಸಿ ಅರಿಷಿಣ ಗಡ್ಡೆಯೆಂದು ಬಿಡುವ ನಾವು ಒಣಗಿದ್ದನ್ನು ಊಟಕ್ಕೂ ವ್ಯಾಪಾರಕ್ಕೂ ಇಟ್ಟುಕೊಂಡೆವೆಂದು ಹಾಸ್ಯ ಮಾಡುವವರು ಅಂದೂ ಇದ್ದರು.)

2005ರ ಮಹಾಪೂರದಲ್ಲಿ ನೀರು ನುಗ್ಗಿ ಆ ಹಗೇವುಗಳು ಬಹುಪಾಲು ಹಾಳಾದವು. ಮಾಲು ಈಗ ಗೋದಾಮುಗಳಲ್ಲಿ, ಶೀತಗೃಹಗಳಲ್ಲಿ ಇರುತ್ತದೆ. 2018ರಲ್ಲಿ ಸಾಂಗಲಿಯ ಅರಿಷಿಣಕ್ಕೆ ಭೌಗೋಳಿಕ ಗುರುತು ಬಂದಾಗ ತಂದೆಯವರು ಪತ್ರಿಕೆ ಮಡಿಸಿಟ್ಟು, ಹಗೇವು ಹೋದ ಮೇಲೆ ಗುರುತು ಬಂತು ಎಂದಿದ್ದರು. ಅಂದು ಬಯಲಿನ ಅಂಚಿನಲ್ಲಿ ಕಾರು ನಿಲ್ಲಿಸಿದಾಗ ಕಂಡದ್ದು ಹುಲ್ಲು ಮುಸುಕಿದ ತಗ್ಗುಗಳು ಮಾತ್ರ. ಅವರು ವಾಕರ್ ಊರಿ ಎಂಟು-ಹತ್ತು ಹೆಜ್ಜೆ ನಡೆದರು. ಅಜ್ಜನವರು ಹಗೇವು ತೆರೆಯಿಸಿದ ಕೂಡಲೇ ಆಳನ್ನು ಇಳಿಸುತ್ತಿರಲಿಲ್ಲವಂತೆ, ಒಳಗಿನ ಕೆಟ್ಟ ಗಾಳಿ ಹೊರಬೀಳುವವರೆಗೆ ಕಾಯುತ್ತಿದ್ದರಂತೆ. ದೀಪ ಇಳಿಸಿ, ಅದು ಆರದೆ ಉಳಿದರೆ ಮಾತ್ರ ಮನುಷ್ಯನನ್ನು ಇಳಿಸುವುದು. ಆ ಮಾತು ಹೇಳುವಾಗ ಅವರ ದನಿಯಲ್ಲಿ ಐದು ವಾರದ ದವಾಖಾನೆ ಇರಲಿಲ್ಲ.

ಸಂಗಮೇಶ್ವರ ಗುಡಿಯ ಕೆಳಗೆ ನದಿಯ ಕಡೆ ನೆರಳಿತ್ತು. ತಾಯಿಯವರು ಡಬ್ಬಿ ಬಿಚ್ಚಿದರು: ಜೋಳದ ರೊಟ್ಟಿ, ಹೆಸರುಬೇಳೆ, ಚಿಕ್ಕಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿ. ಗಂಟೆ ಇನ್ನೂ ಮೂರೂವರೆ. ಡ್ರೈವರನಿಗೂ ಒಂದು ರೊಟ್ಟಿ ಕೊಟ್ಟು, ಇಬ್ಬರೂ ಅವಸರವಿಲ್ಲದೆ ಉಂಡರು.